ಶಿವರಾತ್ರಿ ಪಾದಯಾತ್ರಿಗಳಿರುವ ರಸ್ತೆಯಲ್ಲಿ ರಾತ್ರಿ ಕಾರು ಓಡಿಸುವುದು ಹೇಗೆ?

ಪ್ರಶ್ನೆ: ಸರ್, ಶಿವರಾತ್ರಿಗೆ ಎರಡು ದಿನ ಮುಂಚೆ ಮೂಡಿಗೆರೆಯಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ರಾತ್ರಿ ಕಾರಲ್ಲಿ ಹೋಗಬೇಕಿದೆ. ಧರ್ಮಸ್ಥಳಕ್ಕೆ ನಡೆದು ಹೋಗುವವರು ದಾರಿಯುದ್ದಕ್ಕೂ ಇರುತ್ತಾರೆ. ಎದುರಿನ ಗಾಡಿಯ ಹೈ ಬೀಮ್ ಕಣ್ಣಿಗೆ ಹೊಡೆದರೆ ಏನೂ ಕಾಣುವುದಿಲ್ಲ. ಎಷ್ಟು ಸ್ಪೀಡ್ ಸರಿ? ಹಾರ್ನ್ ಮಾಡುತ್ತಲೇ ಹೋಗಬೇಕಾ?

ಉತ್ತರ (ಡ್ರೈವಿಂಗ್ ಸ್ಕೂಲ್ ತರಬೇತುದಾರ): ಸಾಧ್ಯವಾದರೆ ಹಗಲು ಹೊರಡಿ. ಶಿವರಾತ್ರಿ ಬರುವುದು ಅಮಾವಾಸ್ಯೆಗೆ ಅಂಟಿಕೊಂಡು, ಆ ದಿನಗಳಲ್ಲಿ ಚಂದ್ರ ಹುಟ್ಟುವುದೇ ಬೆಳಗಿನ ಜಾವ. ಬಿಸಿಲು ತಪ್ಪಿಸಿಕೊಳ್ಳಲು ಬಹಳ ಜನ ನಡೆಯುವುದೂ ಆ ಕತ್ತಲಲ್ಲೇ.

ರಾತ್ರಿಯೇ ಹೋಗಬೇಕು ಅಂದರೆ, ಲೈಟ್ ಎಷ್ಟು ದೂರ ತೋರಿಸುತ್ತದೋ ಅಷ್ಟರೊಳಗೆ ಗಾಡಿ ನಿಲ್ಲಬೇಕು. ಡಿಮ್ ಲೈಟಲ್ಲಿ ಕಪ್ಪು ಕಂಬಳಿ ಹೊದ್ದವರು ಕಣ್ಣಿಗೆ ಬೀಳುವುದು 30-40 ಮೀಟರ್ ಹತ್ತಿರ ಬಂದಮೇಲೆ. 80ರಲ್ಲಿದ್ದರೆ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ, ನೀವು ನೋಡಿ ಬ್ರೇಕಿಗೆ ಕಾಲಿಡುವಷ್ಟರಲ್ಲಿ ಆ 30 ಮೀಟರ್ ಮುಗಿದೇ ಹೋಗಿರುತ್ತದೆ. 40ರಲ್ಲಿ, ಒಣ ರಸ್ತೆಯಲ್ಲಿ, ಎಲ್ಲಾ ಸೇರಿ 25 ಮೀಟರಿಗೆ ನಿಲ್ಲಬಹುದು. ಹಾಗಾಗಿ 40, ಘಾಟಿ ಇಳಿಯುವಾಗ ಇನ್ನೂ ಕಡಿಮೆ, ಸೆಕೆಂಡ್ ಗೇರಲ್ಲಿ. ಹಿಂದಿನವರು ಲೈಟ್ ಹೊಡೆದರೆ ಹೊಡೆಯಲಿ ಬಿಡಿ, ಜಾಗ ಸಿಕ್ಕಲ್ಲಿ ದಾರಿ ಕೊಡಿ.

ಎದುರು ಬೆಳಕು ಬಂದ ಕೂಡಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ಅದರ ಕಡೆ ನೋಡದೆ ಎಡಗಡೆಯ ಬಿಳಿ ಗೆರೆ ನೋಡಿ. ಆದರೆ ಆ ಗೆರೆಗೆ ಗಾಡಿ ತಾಗಿಸಿಕೊಂಡು ಹೋಗಬೇಡಿ, ನಡೆಯುವವರು ಇರುವುದು ಅಲ್ಲೇ ಅಲ್ವಾ. ಆ ಗಾಡಿ ದಾಟಿದ ಮೇಲೂ ಕಣ್ಣು ಸರಿಹೋಗಲು ಕೆಲವು ಸೆಕೆಂಡ್ ಬೇಕು, ತಕ್ಷಣ ಸ್ಪೀಡ್ ಏರಿಸಬೇಡಿ. ಗಾಜು ಒಳಗೂ ಹೊರಗೂ ಒರೆಸಿ ಹೊರಡಿ.

ಹಾರ್ನ್ ಬೇಕಾದರೆ ದೂರದಿಂದ ಒಂದು ಸಲ, ಸಣ್ಣಗೆ. ನಿದ್ದೆಗಣ್ಣಲ್ಲಿ ನಡೆಯುವವರ ಬೆನ್ನ ಹಿಂದೆ ಜೋರಾಗಿ ಹೊಡೆದರೆ ಬೆಚ್ಚಿ ಯಾವ ಕಡೆಗೆ ಹಾರುತ್ತಾರೋ ಹೇಳಲಾಗದು. ದಾಟುವಾಗ ಕನಿಷ್ಠ ಒಂದೂವರೆ ಮೀಟರ್ ಬಿಡಿ. ಎದುರಿನಿಂದ ಗಾಡಿ ಬರುತ್ತಿದ್ದರೆ ಅವರ ಹಿಂದೆಯೇ ಕಾಯಿರಿ.

ಮತ್ತೊಬ್ಬ ಸದಸ್ಯರು: ಮಜ್ಜಿಗೆ, ಕಲ್ಲಂಗಡಿ ಹಂಚುವ ಪೆಂಡಾಲ್ ಹತ್ತಿರ?

ಉತ್ತರ: ನನಗೆ ಹೆಚ್ಚು ಭಯ ಅಲ್ಲೇ. ಪೆಂಡಾಲ್ ಒಂದು ಕಡೆ, ಸಾಮಾನಿನ ಗಾಡಿ ಇನ್ನೊಂದು ಕಡೆ ಇದ್ದರೆ ಜನ ಗಾಡಿಯ ಮರೆಯಿಂದ ಸೀದಾ ರಸ್ತೆಗೆ ಬರುತ್ತಾರೆ. ಒಬ್ಬರು ದಾಟಿದರೆ ಹಿಂದೆ ಇನ್ನೊಬ್ಬರು ಇದ್ದೇ ಇರುತ್ತಾರೆ. 20ಕ್ಕೆ ಇಳಿಸಿ, ಕಾಲು ಬ್ರೇಕ್ ಮೇಲೇ ಇರಲಿ.

ಇನ್ನೊಬ್ಬರು: ನಾವು ಈ ಸಲ ನಡೆದು ಹೋಗುತ್ತಿದ್ದೇವೆ ಸರ್, ನಾವೇನು ಮಾಡಬೇಕು?

ಉತ್ತರ: ರಸ್ತೆಯ ಬಲಗಡೆ ನಡೆಯಿರಿ, ಬರುವ ಗಾಡಿ ನಿಮಗೆ ಎದುರಿಗೇ ಕಾಣುತ್ತದೆ. ಒಬ್ಬರ ಹಿಂದೆ ಒಬ್ಬರು. ಬ್ಯಾಗಿಗೆ, ಕೋಲಿಗೆ ರಿಫ್ಲೆಕ್ಟರ್ ಟೇಪ್ ಸುತ್ತಿ. ಮೊದಲನೆಯವರ ಕೈಯಲ್ಲೂ ಕೊನೆಯವರ ಕೈಯಲ್ಲೂ ಟಾರ್ಚ್ ಇರಲಿ. ಕಾಲು ನೋವು ಅಂತ ಡಾಂಬರಿನ ಅಂಚಲ್ಲಿ ಮಲಗಬೇಡಿ, ದಯವಿಟ್ಟು. ಯಾರಿಗಾದರೂ ಪೆಟ್ಟಾದರೆ 108ಕ್ಕೆ ಕರೆ ಮಾಡಿ.