ಸಹಾಯ ಬೇಕು: ಸಿತಾರ್ ತಗೊಂಡು ಆಸ್ಟ್ರಿಯಾದಿಂದ ಸ್ವಿಟ್ಜರ್ಲೆಂಡಿಗೆ ದಾಟೋದು ಹೆಂಗ್ರಿ?

ನಮಸ್ಕಾರ್ರಿ, ನಾ ಕೊಪ್ಪಳದಾಗ ಸಿತಾರ್ ನುಡಿಸ್ತೀನಿ, ಜುಲೈ-ಆಗಸ್ಟಿನ್ಯಾಗ (ಅಲ್ಲಿ ಅದು ಬ್ಯಾಸಿಗಿ ಅಂತ, ನಮಗ ಮಳಿಗಾಲ) ಕಾನ್‌ಸ್ಟನ್ಸ್ ಸರೋವರದ ದಂಡಿ ಆಸ್ಟ್ರಿಯಾದ ಬ್ರೆಗೆಂಝ್ ಊರಾಗ, ಆಮ್ಯಾಲ ಸ್ವಿಟ್ಜರ್ಲೆಂಡಿನ ಲೂಸರ್ನ್ ಸರೋವರದ ಕಡೆ ಸಣ್ಣ ಸಣ್ಣ ಕಛೇರಿ ಅದಾವ. ವೀಸಾದ ಚಿಂತಿಲ್ಲ, ಎರಡೂ ಷೆಂಗೆನ್ (ಒಂದೇ ವೀಸಾದಾಗ ತಿರುಗಾಡೋ ದೇಶಗಳ ಗುಂಪು). ಆದ್ರ ಸ್ವಿಟ್ಜರ್ಲೆಂಡ್ ಯುರೋಪಿಯನ್ ಯೂನಿಯನ್ ಕಸ್ಟಮ್ಸಿನ್ಯಾಗ ಬರಂಗಿಲ್ಲ, ಅದಕ್ಕ ವಾದ್ಯಕ್ಕ ಎಟಿಎ ಕಾರ್ನೆ (ಸಾಮಾನು ಸುಂಕ ಕಟ್ಟದೇ ಸ್ವಲ್ಪ ದಿನಕ್ಕ ತಗೊಂಡು ಹೋಗಿ ವಾಪಸ್ ತರಾಕ ಕೊಡೋ ಕಸ್ಟಮ್ಸ್ ಕಾಗದ) ಬೇಕೇ ಬೇಕು ಅಂತ ಒಬ್ರು, ಸ್ವಂತ ವಾದ್ಯ ಕೈಯಾಗ ಹಿಡ್ಕೊಂಡು ಹೋದ್ರ ಏನೂ ಬ್ಯಾಡ ಅಂತ ಇನ್ನೊಬ್ರು. ಕಾರ್ನೆ ಕೊಡೋದು ಫಿಕ್ಕಿ (ಭಾರತದ ವಾಣಿಜ್ಯೋದ್ಯಮ ಸಂಘಗಳ ಒಕ್ಕೂಟ) ಅಂತ ಗೊತ್ತಾತು, ಡೆಪಾಸಿಟ್ ಮಾತು ಕೇಳೇ ಎದಿ ಧಸಕ್ ಅಂತು. ಟ್ರಾವೆಲ್ ಏಜೆಂಟ್‌ನ ಕೇಳಿದ್ರ ಸಿತಾರ್ ಅಂದ್ರ ಗಿಟಾರಾ ಅಂತಾನ, ಏನ್ ಹೇಳ್ಲಿ. ವಾದ್ಯ ತಗೊಂಡು ಆ ಬಾರ್ಡರ್ ದಾಟಿದವ್ರು ಯಾರರ ಇದ್ರ ಹೇಳ್ರಿ: ಒಂದು ಸಿತಾರ್, ಒಂದು ತಂಬೂರಿಗೆ ಕಾರ್ನೆ ಮಾಡಿಸ್ಲೇಬೇಕಾ, ಇಲ್ಲಾ ಖರೀದಿ ಬಿಲ್ಲು, ಕಛೇರಿ ಆಹ್ವಾನ ಪತ್ರ ತೋರ್ಸಿದ್ರ ಬಿಡ್ತಾರಾ?