ಫೋನ್ ವಿಡಿಯೊಗೆ ಬೇರೆ ರೆಕಾರ್ಡರ್‌ನ ಧ್ವನಿ: ಕೊನೆಗೆ ಬರುವಷ್ಟರಲ್ಲಿ ತುಟಿಗೂ ಮಾತಿಗೂ ತಾಳೆಯಿಲ್ಲ

ಪ್ರಶ್ನೆ (ಕಿರುತೆರೆಗಾರ)
ಕಿರುಚಿತ್ರದ ಒಂದು ಸಂಭಾಷಣೆ, 10 ನಿಮಿಷದ ಒಂದೇ ಟೇಕ್. ಫೋನ್ ಸೆಟ್ಟಿಂಗ್ 1080ಪಿ, 30 ಎಫ್‌ಪಿಎಸ್ (ಸೆಕೆಂಡಿಗೆ 30 ಫ್ರೇಮ್). ಧ್ವನಿ ಬೇರೆ ರೆಕಾರ್ಡರ್‌ನಲ್ಲಿ, 48 ಕಿಲೋಹರ್ಟ್ಸ್ ವೇವ್. ಟೇಕಿನ ಶುರುವಿನಲ್ಲಿ ಹೊಡೆದ ಚಪ್ಪಾಳೆಗೆ ಚಿತ್ರ, ಧ್ವನಿ ಎರಡನ್ನೂ ಕರಾರುವಾಕ್ಕಾಗಿ ಕೂಡಿಸಿದರೂ ಕೊನೆಯಲ್ಲಿ ಮಾತು ಸುಮಾರು ಅರ್ಧ ಸೆಕೆಂಡ್ ತಡವಾಗಿ ಬರುತ್ತದೆ. ವಿಎನ್, ಕೈನ್‌ಮಾಸ್ಟರ್, ಲುಮಾಫ್ಯೂಷನ್, ಯಾವ ಎಡಿಟಿಂಗ್ ಆ್ಯಪಿಗೆ ಬದಲಾಯಿಸಲಿ?

ಉತ್ತರ (ಅಲೆಗೆರೆ)
ಆ್ಯಪ್ ಬದಲಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಫೋನೇ ಹಿಡಿದಿರುವ ಧ್ವನಿಯನ್ನು ಮ್ಯೂಟ್ ತೆಗೆದು ಕೇಳಿ, ಕೊನೆಯ ನಿಮಿಷದಲ್ಲಿ ಅದು ತುಟಿಗೆ ಹೊಂದುತ್ತದೆಯೇ? ಹೊಂದದಿದ್ದರೆ ರೆಕಾರ್ಡರ್‌ನ ತಪ್ಪಲ್ಲ.

ಎರಡು ಸಾಧನಗಳ ಗಡಿಯಾರದ ವ್ಯತ್ಯಾಸದಿಂದ 10 ನಿಮಿಷಕ್ಕೆ ಸಾಮಾನ್ಯವಾಗಿ ಒಂದೆರಡು ಫ್ರೇಮ್ ಸರಿದೀತು, ಅರ್ಧ ಸೆಕೆಂಡ್ ಅಲ್ಲ. ಧ್ವನಿಯ ಸ್ಯಾಂಪಲ್ ರೇಟಿನಲ್ಲಿ 44.1 ಮತ್ತು 48 ಕಿಲೋಹರ್ಟ್ಸ್‌ನ ಗೊಂದಲವಾಗಿದ್ದರೆ ವ್ಯತ್ಯಾಸ 50 ಸೆಕೆಂಡಿನಷ್ಟಾಗುತ್ತಿತ್ತು, ದನಿಯ ಶ್ರುತಿಯೂ ಬದಲಾಗುತ್ತಿತ್ತು. ನಿಮ್ಮ ಲೆಕ್ಕ ಫ್ರೇಮ್ ರೇಟ್ ಕಡೆಗೇ ಬೆರಳು ಮಾಡುತ್ತಿದೆ: ಸರಾಸರಿ 29.97ರಲ್ಲಿ ಶೂಟ್ ಆದದ್ದನ್ನು ಆ್ಯಪ್ 30 ಎಂದು ಓಡಿಸಿದರೆ 10 ನಿಮಿಷಕ್ಕೆ 0.6 ಸೆಕೆಂಡ್ ಚಿತ್ರ ಮುಂದೆ ಓಡುತ್ತದೆ, ಮಾತು ಹಿಂದುಳಿಯುತ್ತದೆ.

ಕಿರುತೆರೆಗಾರ
ಹೌದು, ಫೋನಿನ ಧ್ವನಿಯೂ ಸರಿಯುತ್ತಿದೆ. ಗ್ಯಾಲರಿಯಲ್ಲಿ ಅದೇ ಕ್ಲಿಪ್ ಸರಿಯಾಗಿಯೇ ಓಡುತ್ತದೆ!

ಅಲೆಗೆರೆ
ಹಾಗಾದರೆ ಇದು ವೇರಿಯಬಲ್ ಫ್ರೇಮ್ ರೇಟ್, ಅಂದರೆ ಫ್ರೇಮ್‌ಗಳ ನಡುವಿನ ಅಂತರ ಒಂದೇ ಸಮನಾಗಿಲ್ಲ. ಫೈಲಿನಲ್ಲಿ ಪ್ರತಿ ಫ್ರೇಮಿಗೂ ಅದರದೇ ಸಮಯದ ಗುರುತು ಇರುತ್ತದೆ. ಗ್ಯಾಲರಿ ಅದನ್ನು ಪಾಲಿಸುತ್ತಿದೆ, ಎಡಿಟರ್ ಎಲ್ಲ ಫ್ರೇಮನ್ನೂ ಸಮ ಅಂತರದಲ್ಲಿ ಜೋಡಿಸುತ್ತಿದೆ.

ಕಂಪ್ಯೂಟರ್ ಇದ್ದರೆ ವಿಡಿಯೊ ಪರಿವರ್ತಿಸುವ ಉಚಿತ ತಂತ್ರಾಂಶ ಹ್ಯಾಂಡ್‌ಬ್ರೇಕ್ ಸಾಕು. ವಿಡಿಯೊ ಟ್ಯಾಬಿನಲ್ಲಿ ಫ್ರೇಮ್ ರೇಟ್ 30 ಕೊಟ್ಟು "ಕಾನ್‌ಸ್ಟಂಟ್" ಆರಿಸಿ (ಅಲ್ಲಿ "ಪೀಕ್" ಎಂದು ಬಿಟ್ಟರೆ ಮತ್ತೆ ಅದೇ ಕಥೆ), ಆರ್‌ಎಫ್ (ಗುಣಮಟ್ಟದ ಅಂಕಿ, ಕಡಿಮೆಯಾದಷ್ಟೂ ಉತ್ತಮ) 16ರಿಂದ 18. ಆ ಹೊಸ ಫೈಲನ್ನೇ ಆ್ಯಪಿಗೆ ತನ್ನಿ. ಎಡಿಟ್ ಅರ್ಧ ಮುಗಿದ ಮೇಲೆ ಕ್ಲಿಪ್ ಬದಲಿಸಿದರೆ ಕಟ್‌ಗಳು ಜರುಗುತ್ತವೆ, ಮೊದಲೇ ಮಾಡಿ.

ಫೋನ್ ಒಂದೇ ಇದ್ದರೆ ಕೈಕೆಲಸ. ಸರಿತ (ಮಾತು ಹಿಂದುಳಿಯುವ ಪ್ರಮಾಣ) ನಿಮಿಷಕ್ಕೆ ಸುಮಾರು 2 ಫ್ರೇಮ್. ನಿಮಿಷಕ್ಕೊಮ್ಮೆ ಮಾತಿನ ನಡುವಿನ ಮೌನದಲ್ಲಿ ಧ್ವನಿ ಕತ್ತರಿಸಿ, ಎರಡು ಫ್ರೇಮಿನಷ್ಟು ಮೌನ ತೆಗೆದು ಮುಂದಿನ ತುಣುಕನ್ನು ಎಳೆದುಕೊಳ್ಳಿ. ಜೋಡಣೆಯಲ್ಲಿ ಪುಟ್ಟ ಫೇಡ್ ಕೊಡದಿದ್ದರೆ "ಟಿಕ್" ಎಂದು ಕೇಳಿಸುತ್ತದೆ. ಪ, ಬ, ಮ ಅಕ್ಷರಗಳಲ್ಲಿ ತುಟಿ ಮುಚ್ಚುತ್ತದೆ, ತಾಳೆ ನೋಡಲು ಅದಕ್ಕಿಂತ ಒಳ್ಳೆಯ ಗುರುತಿಲ್ಲ.

ಉತ್ತರ (ಬೆಳಕಿಂಡಿ)
ಮುಂದಿನ ಶೂಟಿಗೆ: ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ "ಆಟೊ ಎಫ್‌ಪಿಎಸ್" ಇದ್ದರೆ ಆಫ್ ಮಾಡಿ. ಬೆಳಕು ಕಡಿಮೆಯಾದಾಗ ಫೋನ್ ತಾನಾಗಿಯೇ ಫ್ರೇಮ್ ಇಳಿಸಿ ಹೆಚ್ಚು ಬೆಳಕು ಹಿಡಿಯಲು ನೋಡುತ್ತದೆ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಉಚಿತ, ಐಫೋನಿಗೂ ಕೆಲವು ಆಂಡ್ರಾಯ್ಡ್ ಮಾದರಿಗಳಿಗೂ ಸಿಗುತ್ತದೆ. ಶಟರ್, ಐಎಸ್‌ಒ, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಬಹುದು. 50 ಹರ್ಟ್ಸ್ ವಿದ್ಯುತ್ ಇರುವಲ್ಲಿ ಶಟರ್ 1/50 ಸೆಕೆಂಡ್ ಇಡಿ, ಇಲ್ಲವಾದರೆ ಟ್ಯೂಬ್‌ಲೈಟ್ ಮಿನುಗು ಚಿತ್ರದಲ್ಲಿ ಕೂರುತ್ತದೆ, ಆಮೇಲೆ ತೆಗೆಯುವುದು ಕಷ್ಟ.

ಟೇಕಿನ ಕೊನೆಗೂ ಒಂದು ಚಪ್ಪಾಳೆ ಹೊಡೆಯಿರಿ, ಸರಿತ ಎಷ್ಟೆಂದು ತಕ್ಷಣ ಅಳೆಯಬಹುದು.

ಆ್ಯಪ್ ಬಗ್ಗೆ: ಲುಮಾಫ್ಯೂಷನ್‌ಗೆ ದುಡ್ಡು ಕೊಡಬೇಕು, ಆದರೆ ಹಲವು ಆಡಿಯೊ ಟ್ರ್ಯಾಕ್‌ಗಳಿರುವ ಸಂಭಾಷಣೆಗೆ ಅದೇ ನನ್ನ ಆಯ್ಕೆ. ಯಾವುದೇ ಆದರೂ ಪ್ರಾಜೆಕ್ಟಿನ ಫ್ರೇಮ್ ರೇಟನ್ನು ಶೂಟಿಗೆ ಸರಿಹೊಂದಿಸಿ. 24ರ ಕ್ಲಿಪ್ಪನ್ನು 30ರ ಟೈಮ್‌ಲೈನಿಗೆ ಹಾಕಿದರೆ ನಾಲ್ಕು ಫ್ರೇಮಿಗೊಂದು ಎರಡು ಬಾರಿ ಬರುತ್ತದೆ, ಪ್ಯಾನ್ ಮಾಡಿದಾಗ (ಕ್ಯಾಮೆರಾ ಪಕ್ಕಕ್ಕೆ ತಿರುಗಿಸಿದಾಗ) ಜರ್ಕ್ ಎದ್ದು ಕಾಣುತ್ತದೆ. ಎಕ್ಸ್‌ಪೋರ್ಟ್ ಕೂಡ ಅದೇ ರೇಟಿನಲ್ಲಿ ಇರಲಿ.