ಅಪ್‌ಡೇಟ್: 1235ಯುವೂ ಬೇಡ, 1335ಯುವೂ ಬೇಡ ಅಂತಾಯ್ತು

ಲ್ಯಾಪ್‌ಟಾಪ್ ತಗೊಳ್ಳುವಾಗ ಪ್ರೊಸೆಸರ್ ಇಂಟೆಲ್ ಐ5-1235ಯು ಸಾಕಾ, 1335ಯು ಬೇಕಾ, ಇಲ್ಲ ಕೋರ್ ಅಲ್ಟ್ರಾಗೆ ದುಡ್ಡು ಹಾಕಲಾ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

12, 13ನೇ ಜನರೇಷನ್‌ನ ಆ ಎರಡರಲ್ಲೂ ಭಾರಿ ಕೆಲಸಕ್ಕೆ 2 ಪರ್ಫಾರ್ಮೆನ್ಸ್ ಕೋರ್, ಕಡಿಮೆ ಪವರ್‌ನಲ್ಲಿ ಸಣ್ಣ ಕೆಲಸಕ್ಕೆ 8 ಎಫಿಶಿಯೆಂಟ್ ಕೋರ್. ಟರ್ಬೊ ಸ್ಪೀಡ್ (ಗರಿಷ್ಠ ವೇಗ) ಮಾತ್ರ 4.4ರಿಂದ 4.6 ಗಿಗಾಹರ್ಟ್ಸ್‌ಗೆ ಏರಿದೆ. ಅಷ್ಟಕ್ಕೆ ಸುಮ್ನೆ ಯಾಕೆ ಜಾಸ್ತಿ ಕೊಡಬೇಕು, ಅಲ್ವಾ?

ಕೊನೆಗೆ ತಗೊಂಡಿದ್ದು ಕೋರ್ ಅಲ್ಟ್ರಾ 5 226ವಿ, 2024ರ ಲೂನಾರ್ ಲೇಕ್ ಜನರೇಷನ್‌ನದು. ಒಂದೇ ಕೋರ್ ಒಟ್ಟಿಗೆ ಎರಡು ಥ್ರೆಡ್ (ಕೆಲಸದ ಸಾಲು) ನಡೆಸುವ ಹೈಪರ್‌ಥ್ರೆಡಿಂಗ್ ಇಲ್ಲ, 8 ಕೋರ್‌ಗೆ 8 ಥ್ರೆಡ್. ಲೆಕ್ಕದಲ್ಲಿ 1335ಯುನ 12 ಥ್ರೆಡ್‌ಗಿಂತ ಕಮ್ಮಿಯೇ. ಆದರೆ ರ‍್ಯಾಮ್ ಪ್ರೊಸೆಸರ್ ಪಕ್ಕದಲ್ಲೇ, ಒಂದೇ ಪ್ಯಾಕೇಜ್‌ನಲ್ಲಿದೆ. ಡೇಟಾ ಓಡಾಟಕ್ಕೆ ಪವರ್ ಕಡಿಮೆ ಸಾಕು. ಸಣ್ಣಪುಟ್ಟ ಕೆಲಸವೆಲ್ಲ ಎಫಿಶಿಯೆಂಟ್ ಕೋರ್‌ಗಳಲ್ಲೇ ಮುಗಿಯುತ್ತದೆ. ಬೆಳಿಗ್ಗೆ ಚಾರ್ಜರ್ ತೆಗೆದರೆ ಎಕ್ಸೆಲ್, ಹತ್ತಾರು ಟ್ಯಾಬ್, ಮೀಟಿಂಗ್ ಎಲ್ಲ ಆಗಿ ಸಂಜೆಗೂ ಬ್ಯಾಟರಿ ಉಳಿದಿರುತ್ತದೆ. ತಂಗಿಯ 1235ಯು ಲ್ಯಾಪ್‌ಟಾಪ್‌ನಲ್ಲಿ ಮೀಟಿಂಗ್ ಶುರುವಾದರೆ ಸಾಕು, ಫ್ಯಾನ್ ಮಿಕ್ಸಿ ತರ ಕೂಗುತ್ತದೆ.

ಬ್ಯಾಟರಿ ಹೋಲಿಸುವಾಗ ಎರಡರ ವ್ಯಾಟ್-ಅವರ್ (ಬ್ಯಾಟರಿಯ ಸಾಮರ್ಥ್ಯ) ಕೂಡ ನೋಡಿ. ದೊಡ್ಡ ಬ್ಯಾಟರಿ ಹಾಕಿದರೆ ಹಳೇ ಚಿಪ್ ಕೂಡ ಚೆನ್ನಾಗಿಯೇ ಕಾಣುತ್ತದೆ.

ಒಂದೇ ಕೊರಗು: ರ‍್ಯಾಮ್ 16 ಜಿಬಿ, ಮುಂದೆ ಹೆಚ್ಚಿಸೋಕೆ ಆಗಲ್ಲ. ದಿನವಿಡೀ ವಿಡಿಯೊ ರೆಂಡರ್ ಮಾಡುವವರು ಜಾಸ್ತಿ ಕೋರ್ ಇರುವ ಎಚ್ ಸೀರೀಸ್ ಪ್ರೊಸೆಸರ್ ನೋಡಿ.